ತಲೆ ನೋಡಿ ಇಟ್ಟ ಹೆಸರು

ನಮ್ಮ ಮಾವನ ಕಣ್ಣಿಗೆ ಒಮ್ಮೆ ಬಿದ್ದಿರೋ, ಕೆಟ್ಟಿರಿ! ನಿಮ್ಮ ಅಪ್ಪ ಅಮ್ಮ ಪಂಚಾಂಗ ತಿರುವಿ, ಪುರೋಹಿತರನ್ನು ಕೇಳಿ, ತೊಟ್ಟಿಲು ಸಿಂಗರಿಸಿ ಇಟ್ಟ ಹೆಸರು ಅಲ್ಲಿಗೆ ಮುಗಿಯಿತು. ಅವರು ನಿಮ್ಮನ್ನು ಪೂರ್ತಿಯಾಗಿ ನೋಡುವುದೂ ಇಲ್ಲ. ಎಲ್ಲೋ ಒಂದು ತುದಿ ಕಂಡರೆ ಸಾಕು. ಮೂಗೋ, ಚೀಲವೋ, ಒಂದು ಕೆಮ್ಮೋ. ಅಷ್ಟರಿಂದಲೇ ನಿಮಗೊಂದು ಹೊಸ ಹೆಸರು ಹುಟ್ಟುತ್ತದೆ, ಮತ್ತು ಆ ಹೆಸರು ನಿಮ್ಮ ಜೊತೆಗೇ ಮುದಿಯಾಗುತ್ತದೆ.

ಇವರು ನನ್ನ ತಾಯಿಯ ತಮ್ಮ. ಉಡುಪಿ ಕಡೆಯಿಂದ ಬಂದ ನಮ್ಮಜ್ಜ ಈ ತಮಿಳು ಊರಿನ ಬಂದರಿನ ಬಳಿ, ಪ್ಯಾರೀಸ್ ಕಾರ್ನರ್ ಹತ್ತಿರ ತೆರೆದ ಸಸ್ಯಾಹಾರಿ ಹೋಟೆಲಿನ ಹಾಲ್ ನೋಡಿಕೊಂಡೇ ಐವತ್ತು ವರ್ಷ ಕಳೆದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ನಮ್ಮ ಹೋಟೆಲು ಬಾಗಿಲು ಹಾಕುವಷ್ಟು ಹೊತ್ತಿಗೆ ಹೆಣ್ಣಿನ ಮನೆಯವರೆಲ್ಲ ಮಲಗಿ ಆಗ್ತದೆ ಮಾರಾಯ್ತಿ" ಎನ್ನುತ್ತಾರೆ. ಈ ಹೆಸರಿಡುವ ಚಟ ಹತ್ತಿದ್ದು ಹೋಟೆಲಿನಿಂದಲೇ. ಅಲ್ಲಿ ಗಿರಾಕಿಯ ಹೆಸರು ಕೇಳುವುದು ಮರ್ಯಾದೆಯಲ್ಲ. ಆದರೆ ಯಾರು ಬಂದರು ಎಂದು ಅಡುಗೆಮನೆಗೆ ತಿಳಿಯಬೇಡವೇ? ಹಾಗಾಗಿ ತಿನ್ನುವುದೇ ಹೆಸರು. ಹೈಕೋರ್ಟಿನ ಒಬ್ಬ ಘನಂದಾರಿ ವಕೀಲರು ಒಳಗಿನವರಿಗೆ 'ರವೆದೋಸೆ'. ಒಂದು ಇಡ್ಲಿಗೆ ಮೂರು ಬಟ್ಟಲು ಸಾಂಬಾರು ಕೇಳುವವರು 'ಮೂರು ಸಾಂಬಾರು'. ಮೂಲೆಯ ಮೇಜಿನಲ್ಲಿ ಕೂತು ಕಾಫಿ ಕುಡಿದು, ಮಾತಿಲ್ಲದೆ ಎದ್ದು ಹೋಗುವ ಹಿರಿಯರೊಬ್ಬರು 'ಸಕ್ಕರೆಬೇಡ'.

ಹೋಟೆಲಿನ ಗೋಡೆಯೊಳಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ನಾನು ಎಂಟು ವರ್ಷದವಳಿದ್ದಾಗ ಊರಿನಿಂದ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ, ಕೈಯಲ್ಲೊಂದು ಲಿಂಬೆಹಣ್ಣು ಹಿಡಿದು ಈ ಊರಿಗೆ ಇಳಿದೆ. ಅವತ್ತಿನಿಂದ ನಾನು 'ಲಿಂಬೆ'. ನನ್ನ ಮದುವೆಯ ಮಂಟಪದಲ್ಲಿ ಮಾವ ಮೈಕಿನಲ್ಲಿ, "ಲಿಂಬೆ, ಮುಹೂರ್ತ ಆಯ್ತು, ಬೇಗ ಬಾ!" ಎಂದು ಕೂಗಿದಾಗ ಗಂಡಿನ ಕಡೆಯವರು ಪುರೋಹಿತರು ಏನೋ ಸಾಮಗ್ರಿ ಕೇಳುತ್ತಿದ್ದಾರೆಂದು ಒಂದು ಬುಟ್ಟಿ ಲಿಂಬೆಹಣ್ಣು ತಂದಿಟ್ಟರು. ನನ್ನ ಗಂಡ ಹೆಣ್ಣು ನೋಡಲು ಬಂದ ದಿನ ಉರಿಬಿಸಿಲಿಗೆ ಹೆದರಿ ಕೊಡೆ ಹಿಡಿದು ಬಂದಿದ್ದರು. ಅವರು 'ಕೊಡೆ'. ಆಮೇಲೆ ಈ ಮೂವತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ಕೊಡೆ ಮುಟ್ಟಿಲ್ಲ, ಜಡಿಮಳೆಯಲ್ಲಿ ನೆನೆದುಕೊಂಡೇ ಮನೆಗೆ ಬರುತ್ತಾರೆ. ಆದರೂ ಹೆಸರು ಹೋಗಲಿಲ್ಲ.

ಒಮ್ಮೆ ಮತದಾರರ ಪಟ್ಟಿಯವರು ಹೋಟೆಲಿಗೆ ಬಂದು ಕೆಲಸದವರ ಹೆಸರು ಕೇಳಿದರಂತೆ. ಮಾವ ಗಂಭೀರವಾಗಿ ಹೇಳುತ್ತಾ ಹೋದರು: ಉಪ್ಪು, ಮುಂಗೋಪಿ, ಬೋಂಡ, ಎರಡುನಿಮಿಷ, ಹಳೇವಡೆ. ಬಂದಾತ ಪೆನ್ನು ಮುಚ್ಚಿ, "ಸಾರ್, ಇದು ಸ್ಟಾಫ್ ಲಿಸ್ಟಾ, ಮೆನು ಕಾರ್ಡಾ?" ಎಂದ. ನಿಜವಾದ ಹೆಸರು ಮಾವನಿಗೆ ಒಬ್ಬರದೂ ಗೊತ್ತಿರಲಿಲ್ಲ!

ಇಂಥವರ ಬಾಯಿಂದಲೇ ನಮ್ಮ ಮನೆಯ ಮಕ್ಕಳಿಗೆ ನಾಮಕರಣವಾಗಬೇಕು ಎಂಬುದು ವಿಧಿಯ ತಮಾಷೆಯಲ್ಲದೆ ಇನ್ನೇನು? ಮನೆಯ ಹಿರಿಯ ಗಂಡಸು ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ನಮ್ಮಲ್ಲಿ ಪದ್ಧತಿ. ನನ್ನ ಮಗಳ ನಾಮಕರಣದ ದಿನ ಅವಳ ಕಿವಿಯಲ್ಲಿ ಚೆಂದದ ಸಂಸ್ಕೃತ ಹೆಸರನ್ನು ಪಿಸುಗುಟ್ಟಿ, ತಲೆಯೆತ್ತಿ, ಬಟ್ಟೆಯಲ್ಲಿ ಸುತ್ತಿದ ಅವಳನ್ನು ಇನ್ನೊಮ್ಮೆ ನೋಡಿ, "ಕಡುಬು!" ಎಂದು ಇಡೀ ಸಭೆಗೆ ಕೇಳುವಂತೆ ಘೋಷಿಸಿದರು. ಮುಗಿಯಿತು. ಈಗ ವೇಲಚೇರಿ ಪಕ್ಕದ ದೊಡ್ಡ ಐಟಿ ಕಂಪನಿಯಲ್ಲಿ ಹತ್ತು ಜನರನ್ನು ಆಳುವ ಹೆಂಗಸು ಅವಳು. ಮನೆಯ ಬಾಗಿಲು ದಾಟಿದರೆ ಕಡುಬು. ಹಾಗಾಗಿ ಅವಳು ಬಸುರಿಯಾದಾಗ ನನಗೆ ಹೇಳಿದ ಮೊದಲ ಮಾತೇ ಇದು: "ಅಮ್ಮಾ, ಪ್ರಾಮಿಸ್ ಮಾಡು. ಬೇಬಿ ಪಕ್ಕ ಅಜ್ಜ ವರವೇ ಕೂಡಾದು!"

ಮಾವ ಮಗುವಿನ ಹತ್ತಿರ ಸುಳಿಯಲೇಬಾರದು ಎಂದು ತನ್ನ ಅರೆತಮಿಳಿನಲ್ಲಿ ಅವಳು ಕೇಳಿದ ಆಣೆಯನ್ನೇನೋ ಮಾಡಿದೆ. ಆದರೆ ದೇವರು ಕೇಳಬೇಕಲ್ಲ! ಐದನೇ ತಿಂಗಳಲ್ಲಿ ಡಾಕ್ಟರು ಮಗಳಿಗೆ ಮಂಚ ಬಿಟ್ಟು ಇಳಿಯಬಾರದೆಂದರು. ಅದೇ ವಾರ ಮಾವನಿಗೂ ಮಂಡಿ ಬಾತು, ಅವರೂ ನಮ್ಮ ವೇಲಚೇರಿಯ ಫ್ಲಾಟಿಗೇ ಬಂದು ಬಿದ್ದರು. ಒಂದು ಕೋಣೆಯಲ್ಲಿ ಬಸುರಿ, ಹಾಲಿನಲ್ಲಿ ಮುದುಕ. ಇಬ್ಬರಿಗೂ ನೆಲ ಮುಟ್ಟಬಾರದೆಂಬ ಕಟ್ಟಪ್ಪಣೆ. ಹೊತ್ತು ಹೋಗದೆ ಮಗಳು ಅಜ್ಜನ ಮಂಚವನ್ನು ತನ್ನ ಕೋಣೆಗೇ ಎಳೆಸಿಕೊಂಡು ಫೋನಿನಲ್ಲಿ ವಿಡಿಯೋ ತೋರಿಸತೊಡಗಿದಳು. ಹಾಗೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಆ ಪ್ರಾಣಿ ಬಂತು.

"ಎಂತದು ಇದು? ಹಕ್ಕಿಯಾ?"

"ಹಕ್ಕಿ ಇಲ್ಲೆ ಅಜ್ಜ. ಡೈನೋಸಾರೂ ಅಲ್ಲ. ಟೆರೊಸಾರ್. ಹಾರೋದು."

"ತಲೆ ಮೇಲೆ ಎಂತ ಮಾರಾಯ್ತಿ ಅದು! ಯಕ್ಷಗಾನದಲ್ಲಿ ಬಡಗುತಿಟ್ಟಿನವರು ಕೇದಗೆ ಮುಂದಲೆ ಕಟ್ಟಿದ ಹಾಗೆ ಉಂಟಲ್ಲ!"

ಹೌದು, ತಲೆಗಿಂತ ದೊಡ್ಡದಾದ ಜುಟ್ಟು. ಹಿಂದಕ್ಕೊಂದು ಮೂಳೆಯ ಕೋಲು, ಮುಂದೆ ನೆಟ್ಟಗೆ ನಿಂತ ಇನ್ನೊಂದು, ನಡುವೆ ಹಡಗಿನ ಹಾಯಿಯಂತೆ ಬಿಗಿದ ಚರ್ಮ. ಇದರ ಹೆಸರು ಟುಪಾಂಡಾಕ್ಟೈಲಸ್ ನ್ಯಾವಿಗನ್ಸ್. ಒಂದು ದೋಸೆ ತಿಂದು ಮುಗಿಸುವಷ್ಟು ಉದ್ದದ ಹೆಸರು! ಮಾವ ಅದನ್ನು ಎರಡು ದಿನದಲ್ಲಿ ಬಾಯಿಪಾಠ ಮಾಡಿ, ಬಂದವರಿಗೆಲ್ಲ ಬಿಡಿಸಿ ಹೇಳತೊಡಗಿದರು. ಟುಪಾನ್ ಎಂದರೆ ಬ್ರೆಜಿಲಿನ ಬುಡಕಟ್ಟಿನವರ ಗುಡುಗಿನ ದೇವರು. ಡಾಕ್ಟೈಲಸ್ ಎಂದರೆ ಬೆರಳು. "ರೆಕ್ಕೆ ನಿಂತದ್ದೇ ನಾಲ್ಕನೇ ಬೆರಳಲ್ಲಿ. ಉಂಗುರದ ಬೆರಳಲ್ಲಿ ಮಾರಾಯ್ತಿ! ನಾವು ಒಂದು ಉಂಗುರಕ್ಕೇ ಒದ್ದಾಡುದು." ಇನ್ನು ನ್ಯಾವಿಗನ್ಸ್ ಎಂದರೆ ನಾವಿಕ, ಹಾಯಿ ಕಟ್ಟಿ ಸಾಗುವವನು. ಬ್ರೆಜಿಲಿನಲ್ಲಿ ನೆಲಕ್ಕೆ ಹಾಸುವ ಸುಣ್ಣಕಲ್ಲು ಕಡಿಯುವ ಕಡೆ ಇದರ ತಲೆಬುರುಡೆ ಸಿಕ್ಕಿತು. ತಲೆ ಮಾತ್ರ. ಕತ್ತಿಲ್ಲ, ಕಾಲಿಲ್ಲ, ರೆಕ್ಕೆಯಿಲ್ಲ. ಆ ಹಾಯಿಯಂಥ ಜುಟ್ಟು ನೋಡಿದ ಪಂಡಿತರು ನಾವಿಕ ಎಂದು ಹೆಸರಿಟ್ಟುಬಿಟ್ಟರು.

"ನೋಡಿದ್ಯಾ? ಒಂದು ತುಂಡು ನೋಡಿ ಇಡೀ ಪ್ರಾಣಿಗೆ ಹೆಸರು! ನಾನು ಐವತ್ತು ವರ್ಷ ಮಾಡಿದ್ದೂ ಅದೇ ಅಲ್ವಾ? ನನ್ನನ್ನು ಮಾತ್ರ ನೀವು ಬೈಯುದು!" ಮಾವನ ಎದೆ ಉಬ್ಬಿ ಎರಡರಷ್ಟಾಯಿತು. ಆ ದಿನ ಅವರಿಗೆ ಮಂಡಿ ನೋವೂ ಇರಲಿಲ್ಲ.

ಈ ಸಂತೋಷ ನಾಲ್ಕು ದಿನ ಉಳಿಯಿತು. ಐದನೇ ದಿನ ಮಗಳು ಇನ್ನೊಂದು ವಿಡಿಯೋ ಹಾಕಿದಳು. ತಲೆ ಸಿಕ್ಕಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಬಂದರಿನಲ್ಲಿ ಕಳ್ಳಸಾಗಣೆಯ ಸರಕು ಹಿಡಿಯಲು ಹೋದ ಪೊಲೀಸರಿಗೆ ಹಳದಿ ಸುಣ್ಣಕಲ್ಲಿನ ಆರು ಚೌಕ ಹಲಗೆಗಳು ಸಿಕ್ಕವು. ಒಂದಕ್ಕೊಂದು ಜೋಡಿಸಿಟ್ಟರೆ ಅದೇ ಪ್ರಾಣಿ, ಹೆಚ್ಚುಕಡಿಮೆ ಇಡಿಯಾಗಿ! ಬಂದರು ಎಂದ ಕೂಡಲೇ ಮಾವ ಎದ್ದು ಕೂತರು. ಹುಟ್ಟಿದಂದಿನಿಂದ ಬಂದರಿನ ಗಾಳಿ ಕುಡಿದವರಲ್ಲವೇ! ಆದರೆ ಮುಂದಿನ ಮಾತು ಕೇಳಿ ಅವರ ಮುಖ ಸಣ್ಣದಾಯಿತು. ಮೈ ಸಿಕ್ಕ ಮೇಲೆ ನೋಡಿದರೆ ಕತ್ತು ಉದ್ದ, ಕಾಲು ಉದ್ದ, ಆ ಜುಟ್ಟಿನ ಭಾರ ಬೇರೆ. ದೂರ ಹಾರುವ ಕಸುಬಿಗೆ ಇದು ಹೇಳಿ ಮಾಡಿಸಿದ ಮೈಯಲ್ಲ. ಬಹುಶಃ ನೆಲದ ಮೇಲೆ ನಡೆದಾಡಿಯೇ ಹೊಟ್ಟೆ ಹೊರೆಯುತ್ತಿತ್ತು, ಅಪಾಯ ಬಂದರೆ ಒಂದಿಷ್ಟು ಹಾರುತ್ತಿತ್ತು ಎನ್ನುತ್ತಾರೆ ತಿಳಿದವರು.

"ಹಾಗಾದ್ರೆ ನಾವಿಕ ಅಲ್ವಾ?"

"ಅಲ್ಲ ಅಜ್ಜ."

"ಹೆಸರು ಬದಲು ಮಾಡಿದ್ರಾ?"

"ಇಲ್ಲೆ. ಮಾಡೋ ಹಾಗಿಲ್ಲ. ತಪ್ಪು ಅಂತ ಗೊತ್ತಾದ್ರೂ ಫಸ್ಟ್ ಇಟ್ಟ ಪೇರೇ ಕಾಯಂ. ಅದು ಅವರ ರೂಲ್." ಮಗಳು ಫೋನು ಕೆಳಗಿಟ್ಟು ಸೇರಿಸಿದಳು, "ಕಡುಬು ಮಾದಿರಿ."

ಮಾವ ಅವತ್ತು ಸಂಜೆಯ ಕಾಫಿ ಕುಡಿಯಲಿಲ್ಲ. "ಪಾಪ, ನಡೆಯುವವನಿಗೆ ನಾವಿಕ ಅಂತ ಹೇಳಿ ಬಿಟ್ರಲ್ಲ. ಇನ್ನು ಯಾವ ಕಾಲಕ್ಕೂ ಅವನಿಗೆ ಬಿಡುಗಡೆ ಇಲ್ಲ" ಎಂದು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ನನಗೆ ನಗು ಬಂತು. ಕೋಟ್ಯಂತರ ವರ್ಷದ ಹಿಂದೆ ಸತ್ತ ಪ್ರಾಣಿಯ ಮಾನಹಾನಿಗೆ ಕಾಫಿ ಬಿಟ್ಟವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಂಡಿ ಸರಿಯಾಗಿ ಹೋಟೆಲಿಗೆ ಮರಳಿದ ವಾರಕ್ಕೇ ಬೆಳಿಗ್ಗೆ ಫೋನು. "ಲಿಂಬೆ, ಕೂಡಲೇ ಹೊರಟು ಬಾ. ಇಲ್ಲಿ ಒಂದು ತಲೆ ಸಿಕ್ಕಿದೆ!" ಯಾರ ಕೊಲೆಯಾಯಿತೋ ಎಂದು ಆಟೋ ಹಿಡಿದು ಓಡಿದರೆ, ಹೋಟೆಲಿನಲ್ಲಿ ಕೈ ತೊಳೆಯುವ ಜಾಗಕ್ಕೆ ಸುತ್ತಲೂ ಬಾಳೆನಾರಿನ ಹಗ್ಗ ಕಟ್ಟಿದೆ! ಒಳಗೆ ಮಾವ ನೆಲದ ಮೇಲೆ ಬೋರಲಾಗಿ ಮಲಗಿ, ಕಪ್ಪು ಕಡಪ ಕಲ್ಲಿಗೆ ಟಾರ್ಚು ಬಿಡುತ್ತಿದ್ದಾರೆ. ಎಂಜಲು ಕೈ ಎತ್ತಿಕೊಂಡ ಗಿರಾಕಿಗಳ ಸಾಲು ಬೀದಿಯವರೆಗೆ ನಿಂತಿದೆ. ಕಲ್ಲಿನ ಮೇಲೆ ನಿಜವಾಗಿಯೂ ಏನೋ ಇತ್ತು. ಕೊಕ್ಕಿನಂಥದ್ದು, ಮೇಲೆ ಹಾಯಿಯಂಥ ಕಂದು ಗೆರೆ. ಒಪ್ಪಿಕೊಳ್ಳುತ್ತೇನೆ, ಒಂದು ನಿಮಿಷ ನಾನೂ ನಂಬಿದೆ.

ಆಗ ಸಾಲಿನಿಂದ 'ಸಕ್ಕರೆಬೇಡ' ಮುಂದೆ ಬಂದರು. ಹಗ್ಗ ದಾಟಿ, ಮೊಣಕಾಲೂರಿ, ಕನ್ನಡಕ ಒರೆಸಿ, ಆ ಗೆರೆಯನ್ನು ಉಗುರಿನಿಂದ ಕೆರೆದರು. ಉಗುರನ್ನು ಮೂಗಿನ ಬಳಿ ತಂದರು. "ಸಾಂಬಾರ್" ಎಂದರು.

ಆಮೇಲೆ ಮಾವನ ಪಕ್ಕದಲ್ಲೇ ನೆಲದ ಮೇಲೆ ಕೂತು ಮೆಲ್ಲನೆ ತಮಿಳಿನಲ್ಲಿ ವಿವರಿಸಿದರು. ಈ ಕಡಪ ಕಲ್ಲು ಹುಟ್ಟಿದ ಕಾಲಕ್ಕೆ ಭೂಮಿಯ ಮೇಲೆ ಎಲುಬಿರುವ ಪ್ರಾಣಿಯೇ ಇರಲಿಲ್ಲ, ಇದರಲ್ಲಿ ಹಾರುವ ಪ್ರಾಣಿ ಹುಡುಕುವುದು ಅಜ್ಜನ ಮದುವೆಯ ಫೋಟೋದಲ್ಲಿ ಮೊಮ್ಮಗನನ್ನು ಹುಡುಕಿದ ಹಾಗೆ ಎಂದರು. ಅವರು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿ ನಿವೃತ್ತರಾದ ಪ್ರೊಫೆಸರು! ಮಾವನಿಗೆ ಸಾಂಬಾರಿನ ವಿಷಯ ಅಷ್ಟು ನೋಯಲಿಲ್ಲ. ನೋಯಿಸಿದ್ದು ಇದು. "ಇಪ್ಪತ್ತೆರಡು ವರ್ಷ, ಲಿಂಬೆ. ಕಲ್ಲಿನ ಹೊಟ್ಟೆ ಓದುವ ಮನುಷ್ಯ ನನ್ನೆದುರು ದಿನಾ ಕೂತದ್ದು. ನಾನು ಅವರನ್ನು ಬರೀ ಸಕ್ಕರೆಬೇಡ ಮಾಡಿ ಇಟ್ಟೆ!"

ಮರುದಿನದಿಂದ ಮಾವ ಒಂದು ನೋಟ್‌ಬುಕ್ ಹಿಡಿದು ತಮ್ಮ ಹೆಸರುಗಳ ಮರುಪರಿಶೀಲನೆಗೆ ಹೊರಟರು. ಗಿರಾಕಿಗಳ ಎದುರು ಕುರ್ಚಿ ಎಳೆದು ಕೂತು, "ಸಾರ್, ನೀವು ನಿಜವಾಗಿ ಯಾರು?" ಎಂದು ಕೇಳಿದರೆ ಅವರ ಗತಿಯೇನು? ಇಬ್ಬರು ತಿಂಡಿ ಬಿಟ್ಟು ಎದ್ದು ಹೋದರು. ಒಬ್ಬರು ಇನ್‌ಕಮ್ ಟ್ಯಾಕ್ಸಿನವರೆಂದು ತಿಳಿದು ಬೆವರಿದರು. ಮೂರು ಸಾಂಬಾರಿನವರ ಬಾಯಲ್ಲಿ ಮೂರೇ ಹಲ್ಲು ಇರುವುದು, ಇಡ್ಲಿ ನೆನೆಯದಿದ್ದರೆ ಅವರಿಗೆ ಇಳಿಯುವುದಿಲ್ಲ ಎಂಬುದು ಹೀಗೆ ತಿಳಿಯಿತು. ಅಡುಗೆಯ ಮುಂಗೋಪಿಗೆ ಕೋಪವೇ ಇಲ್ಲವಂತೆ. ಒಂದು ಕಿವಿ ಮಂದ, ಅದಕ್ಕೇ ಕೂಗಿ ಮಾತಾಡುವುದು. ಆದರೆ ಮಾಡುವುದೇನು? ಮಾವ ಅವನ ನಿಜವಾದ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡಲಿಲ್ಲ. ಮುಂಗೋಪಿ ಎಂದಾಗ ಓಡಿ ಬಂದ.

ಅಷ್ಟರಲ್ಲಿ, ಏಳು ತಿಂಗಳು ತುಂಬುವ ಮೊದಲೇ, ನನ್ನ ಮಗಳಿಗೆ ಹೆರಿಗೆಯಾಯಿತು.

ಹೆಣ್ಣು ಮಗು. ಅಂಗೈಯಗಲದ ಜೀವ. ಕೂಡಲೇ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಮೈಗೆಲ್ಲ ಕೊಳವೆ, ಬಟ್ಟೆ. ಹೊರಗೆ ಕಾಣುವುದು ಮುಷ್ಟಿಯಷ್ಟು ತಲೆ, ಅದರ ಮೇಲೊಂದು ಉಣ್ಣೆಯ ಟೊಪ್ಪಿ, ಟೊಪ್ಪಿಯ ತುದಿ ಜುಟ್ಟಿನಂತೆ ನೆಟ್ಟಗೆ ನಿಂತಿದೆ! ಮಾವ ಪ್ಯಾರೀಸ್ ಕಾರ್ನರಿನಿಂದ ಓಡಿ ಬಂದು ದೊಡ್ಡ ಗಾಜಿನ ಕಿಟಕಿಯ ಈಚೆ ನಿಂತರು. ಈಗ ಬಂತು ನೋಡಿ, ಟುಪಾಂಡಾಕ್ಟೈಲಸ್! ಸತ್ಯ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅದೇ ಬೇಕಾಗಿತ್ತು. ಅವರು ಎಂದಿನ ಹಾಗೆ ಏನಾದರೊಂದು ಹುಚ್ಚು ಹೆಸರು ಕೂಗಿದರೆ ಎಲ್ಲವೂ ಎಂದಿನ ಹಾಗೇ ಇದೆ ಎಂದು ನಂಬಬಹುದಿತ್ತು.

"ಎಂತ ಮಾವ, ಹೆಸರು?" ಎಂದೆ.

"ಈಗ ಆಗ್ಲಿಕ್ಕಿಲ್ಲ" ಎಂದು ತಿರುಗಿ ಹೋದರು. ನನಗೆ ಡಾಕ್ಟರ ಮಾತಿಗಿಂತ ಹೆಚ್ಚು ಹೆದರಿಕೆಯಾದದ್ದು ಆಗ.

ಹನ್ನೆರಡನೇ ದಿನ ಬಂತು. ಮಗುವಿನ ತೂಕ ಏರಿರಲಿಲ್ಲ, ಇಳಿದಿತ್ತು. ಮೈಸೂರಿನಿಂದ ಬೀಗಿತ್ತಿಯ ಫೋನು, "ಹೆಸರಿಟ್ಟುಬಿಡಿ, ಹೆಸರಿದ್ರೆ ಮಗು ನಿಲ್ಲತ್ತೆ" ಎಂದು. ನಿಲ್ಲದಿದ್ದರೆ ಎಂಬ ಮಾತನ್ನು ಯಾರೂ ಆಡಲಿಲ್ಲ, ಆದರೆ ಎಲ್ಲರ ಬಾಯೊಳಗೂ ಅದೇ ಇತ್ತು. ಹೆಸರಿಲ್ಲದೆ ಮಗು ಹೋಗಿಬಿಟ್ಟರೆ? ಆಸ್ಪತ್ರೆಯ ಕಾರಿಡಾರಿನಲ್ಲಿ ಗಾಲಿಕುರ್ಚಿಯಲ್ಲಿ ಕೂತ ನನ್ನ ಮಗಳ ಕಣ್ಣು ಊದಿತ್ತು. ಅಳಿಯ ಮೆಲ್ಲಗೆ ಕೇಳಿದ, "ಏನಾದ್ರೂ ಒಂದು ಹೇಳ್ಬಿಡಿ ತಾತ. ನಿಮ್ಮ ಬಾಯಲ್ಲೇ ಬರ್ಲಿ."

"ಆಗುದಿಲ್ಲ" ಎಂದರು ಮಾವ.

ಮಗಳಿಗೆ ತಡೆಯಲಾಗಲಿಲ್ಲ. "ಊರಿಗೆಲ್ಲ ಪೇರ್ ಇಟ್ರಿ ಅಜ್ಜ! ಕೇಳದೇನೇ ಇಟ್ರಿ! ನನ್ನ ಪಾಪಾಗೆ ಮಾತ್ರ ಇಲ್ವಾ?"

ಮಾವ ಅವಳ ಕುರ್ಚಿಯ ಮುಂದೆ ಕೂತರು, ಆ ಮಂಡಿ ಮಡಿಸಿಕೊಂಡು. "ಮಗಾ, ನಾವು ಕಂಡದ್ದು ತಲೆ ಒಂದು. ಮೈ ಇನ್ನೂ ಕಾಣ್ಲಿಕ್ಕುಂಟು. ಒಮ್ಮೆ ಇಟ್ಟ ಹೆಸರು ಮತ್ತೆ ತೆಗಿಲಿಕ್ಕೆ ಆಗುದಿಲ್ಲ, ನೀನೇ ಹೇಳಿದ್ದಲ್ವಾ? ಅವಸರ ಮಾಡಿ ಹೆಸರಿಡುದು ಹೊರಟವರಿಗೆ. ಇವಳು ಹೊರಟವಳಲ್ಲ, ಬಂದವಳು. ನಾನು ಕಾಯ್ತೇನೆ."

ಅವಳು ಅಜ್ಜನ ಹೆಗಲಿಗೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ಅಳಿಯ ನೀರು ತರುವ ನೆಪದಲ್ಲಿ ಎದ್ದು ಹೋದ.

ಹಾಗೆಂದು ಕಾಯುವುದನ್ನಾದರೂ ಮಾವ ನೆಟ್ಟಗೆ ಮಾಡಿದರೇ? ದಿನವೂ ಬೆಳಿಗ್ಗೆ ರೈಲು ಹತ್ತಿ ಬಂದು ಕಿಟಕಿಯ ಬಳಿ ನಿಲ್ಲುವುದು, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಆಮೇಲೆ ನಮಗೆಲ್ಲ ಫೋನು ಮಾಡಿ ಪ್ರಕಟಿಸುವುದು. "ಇವತ್ತು ಎಡಗಿವಿ ಕಂಡಿತು." "ಇವತ್ತು ಬಲಗೈ. ಐದೂ ಬೆರಳು ಉಂಟು, ಎಣಿಸಿದ್ದೇನೆ." ಒಂದು ದಿನ ಒಂದು ಕೊಳವೆ ತೆಗೆದರು. ಅವತ್ತು ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತ್ ಬಡಿಸಿದರು. ಪ್ರೊಫೆಸರು ಕೂಡ ಸಕ್ಕರೆ ಬೇಡವೆನ್ನದೆ ತಿಂದರಂತೆ! ಇನ್ನೊಂದು ದಿನ ಫೋನು ಬರಲಿಲ್ಲ. ಕೇಳಿದರೆ, "ಇವತ್ತು ಹೊಸತು ಎಂತದೂ ಕಾಣ್ಲಿಲ್ಲ. ಅಲ್ಲೇ ಇದ್ದಾಳೆ, ಅಷ್ಟು ಸಾಕು" ಎಂದರು. ಮಗುವಿನ ತೂಕ ನಿಂತಿತು, ಮೆಲ್ಲಗೆ ಏರಿತು. ಹಾಲು ಕುಡಿಯತೊಡಗಿತು. ಎರಡು ತಿಂಗಳು ದಾಟಿ ಹತ್ತು ದಿನವಾದ ಮೇಲೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು.

ಹೊರಡುವ ದಿನ ನರ್ಸಮ್ಮ ಮಗುವನ್ನು ತಂದು ಮಂಚದ ಮೇಲೆ ಮಲಗಿಸಿ, ಮನೆಯಿಂದ ತಂದ ಹೊಸ ಅಂಗಿ ತೊಡಿಸಲೆಂದು ಹೊದಿಕೆ ತೆಗೆದಳು. ಮಾವ ಮೊದಲ ಬಾರಿಗೆ ಇಡೀ ಮಗುವನ್ನು ನೋಡಿದರು. ಕತ್ತು, ಹೊಟ್ಟೆ, ಎರಡು ಕಾಲು. ಆ ಕಾಲುಗಳು ಅವರ ಅಂಗೈಗೆ ಒದ್ದವು, ಇನ್ನೊಮ್ಮೆ ಒದ್ದವು. ಅವರ ನೋಟ್‌ಬುಕ್ಕು ನೆಲಕ್ಕೆ ಬಿತ್ತು, ಅದನ್ನು ಯಾರೂ ಎತ್ತಲಿಲ್ಲ. ಮಾವ ಬಗ್ಗಿ, ಮಗುವಿನ ಕಿವಿಯ ಹತ್ತಿರ ಬಾಯಿಟ್ಟು, ನಮಗೆಲ್ಲ ಕೇಳುವಂತೆ ಹೇಳಿದರು: "ಭೂಮಿ."

ಮಗಳು ನನ್ನ ಮುಖ ನೋಡಿದಳು. ಎಷ್ಟು ಚೆಂದದ ಹೆಸರು! ಎರಡು ತಿಂಗಳು ಕಾದದ್ದಕ್ಕೂ ಸಾರ್ಥಕವಾಯಿತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಂಗಿಯ ಗುಂಡಿ ಹಾಕುತ್ತಿದ್ದ ನರ್ಸಮ್ಮ ನಕ್ಕುಬಿಟ್ಟಳು.

"ಇದು ಪುದು ಪೇರಾ? ತಾತಾ ಮೊದಲ್ ನಾಳಿಂದ ಇಪ್ಪಡಿದಾನೇ ಕೂಪಿಡ್ರಾರು!"

ಹೊಸ ಹೆಸರಲ್ಲ, ಮೊದಲ ದಿನದಿಂದಲೇ ಇದೇ. ಅವತ್ತು ನಾವೆಲ್ಲ ಹೊರಟ ಮೇಲೆ ಮರಳಿ ಬಂದು, ಆಮೇಲೆ ದಿನಾ ಬೆಳಿಗ್ಗೆ, ಕಿಟಕಿಗೆ ಹಣೆ ಹಚ್ಚಿ ಭೂಮಿ, ಭೂಮಿ ಎಂದು ಕರೆಯುತ್ತಿದ್ದರಂತೆ. ಆ ವಾರ್ಡಿನ ನರ್ಸುಗಳೆಲ್ಲ ಮಗುವನ್ನು ಆಗಿನಿಂದಲೇ ಭೂಮಿ ಎನ್ನುತ್ತಿದ್ದರಂತೆ. ಹೆಸರು ಗೊತ್ತಿಲ್ಲದಿದ್ದವರು ನಾವು ಮಾತ್ರ!

"ಅಜ್ಜ!" ಎಂದಳು ಮಗಳು. "ಇಡೀ ಮೈ ನೋಡದೆ ಇಡಲ್ಲ ಅಂದ್ರಲ್ಲ!"

ಕದ್ದು ಸಿಕ್ಕಿಬಿದ್ದವರ ಹಾಗೆ ಮಾವ ತಲೆ ತಗ್ಗಿಸಿದರು. ಮಗುವಿನ ಕಾಲು ಇನ್ನೂ ಅವರ ಅಂಗೈಯಲ್ಲೇ ಇತ್ತು.

"ನಿಮಗೆಲ್ಲ ಹೇಳ್ಲಿಲ್ಲ, ಅಷ್ಟೇ" ಎಂದರು. "ಒಳಗೆ ಒಬ್ಬಳೇ ಇದ್ದಳಲ್ಲ ಮಗಾ. ಹೆಸರು ಹಿಡಿದು ಕರೀದೆ, ಅವಳು ಹೇಗೆ ಬರುದು?"